ದೇಶದ ವರ್ಷಫಲ ನೋಡೋದು ಹೇಗೆ? ಪರಾಭವ ಸಂವತ್ಸರ ಇಟ್ಕೊಂಡೇ ಕಲಿಯೋಣ ಬನ್ನಿ

ಯುಗಾದಿ ದಿನ ಸಾಯಂಕಾಲ ನಮ್ಮೂರ ದೇವಸ್ಥಾನದಲ್ಲಿ ಪಂಚಾಂಗ ಶ್ರವಣ ಅಂತ ಮಾಡ್ತಾರೆ, ನಿಮ್ಮೂರಲ್ಲೂ ಮಾಡ್ತಿರಬಹುದು. ಬೇವು ಬೆಲ್ಲ ತಿಂದು, ಒಬ್ಬಟ್ಟು ಜಡಿದು, ಅರ್ಧ ನಿದ್ದೆಗಣ್ಣಲ್ಲಿ ಬಂದು ಕೂತಿರೋ ಜನಕ್ಕೆ ಭಟ್ಟರು ಈ ವರ್ಷ ರಾಜ ಇಂಥವನು, ಮಂತ್ರಿ ಇಂಥವನು, ಮಳೆ ಇಷ್ಟು ಕೊಳಗ ಅಂತ ಓದ್ತಾ ಹೋಗ್ತಾರೆ. ನಾನು ಚಿಕ್ಕವನಿದ್ದಾಗ ಇದನ್ನೆಲ್ಲಾ ಆಕಾಶವಾಣಿ ವಾರ್ತೆ ಅನ್ಕೊಂಡಿದ್ದೆ. ಆಮೇಲೆ ನಮ್ಮ ಸೋದರಮಾವ ಒಂದು ದಿನ ಪಂಚಾಂಗ ಕೈಗೆ ಕೊಟ್ಟು "ಇದರಲ್ಲಿ ಮಂತ್ರ ಏನೂ ಇಲ್ಲ ಕಣೋ, ವಾರ ಎಣಿಸೋಕೆ ಬಂದ್ರೆ ಸಾಕು" ಅಂದ್ರು. ಅಲ್ಲಿಂದ ಹಿಡಿದ ಹುಚ್ಚು ಇದು.

ಮನುಷ್ಯರ ಜಾತಕ ನೋಡೋರು ಗಲ್ಲಿಗೊಬ್ಬರು ಸಿಕ್ತಾರೆ. ದೇಶದ ಜಾತಕ ನೋಡೋದಕ್ಕೆ ಮೇದಿನಿ ಜ್ಯೋತಿಷ ಅಂತ ಬೇರೆ ಹೆಸರೇ ಇದೆ, ಅದರ ಲೆಕ್ಕಾಚಾರನೂ ಸ್ವಲ್ಪ ಬೇರೆ. ಬೆಂಗಳೂರಿನ ಬಿ.ವಿ. ರಾಮನ್ ಅವರು ತಮ್ಮ ಇಂಗ್ಲಿಷ್ ಮ್ಯಾಗಝೀನ್‌ನಲ್ಲಿ ದಶಕಗಟ್ಟಲೆ ಬರೆದಿದ್ದು ಬಹಳಷ್ಟು ಇದರ ಬಗ್ಗೆನೇ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ, ಇದು ವಿಜ್ಞಾನ ಅಂತ ನಾನು ವಾದ ಮಾಡಲ್ಲ. ನನ್ನ ನೋಟ್‌ಬುಕ್‌ನಲ್ಲಿ ಸರಿ ಬಂದಿದ್ದಕ್ಕಿಂತ ತಪ್ಪಿದ್ದೇ ಜಾಸ್ತಿ. ಆದ್ರೂ ಯಾಕೆ ಮಾಡ್ತೀಯಾ ಅಂದ್ರೆ, ಕ್ರಾಸ್‌ವರ್ಡ್ ಬಿಡಿಸೋರನ್ನ ಯಾರೂ ಹಂಗೆ ಕೇಳಲ್ವಲ್ಲ, ಅಷ್ಟೇ.

ಏನೇನು ಬೇಕು

ಒಂದು ಪಂಚಾಂಗ. ನಮ್ಮ ಕಡೆ ಒಂಟಿಕೊಪ್ಪಲ್ ಪಂಚಾಂಗ ಮನೆಮನೆಯಲ್ಲಿ ಇರುತ್ತೆ, ನಿಮ್ಮ ಮನೆತನಕ್ಕೆ ಯಾವುದು ರೂಢಿನೋ ಅದು ಇಟ್ಕೊಳ್ಳಿ. ಕುಂಡಲಿ ಹಾಕೋಕೆ ಕಂಪ್ಯೂಟರ್‌ನಲ್ಲಿ ಜಗನ್ನಾಥ ಹೋರಾ ಅಂತ ಫ್ರೀ ಸಾಫ್ಟ್‌ವೇರ್ ಇದೆ, ನೋಡೋಕೆ ಹಳೇ ಕಾಲದ್ದು, ಆದ್ರೆ ಕೆಲಸ ಪಕ್ಕಾ. ಸೆಟ್ಟಿಂಗ್‌ನಲ್ಲಿ ಅಯನಾಂಶ (ರಾಶಿಚಕ್ರನ ಎಲ್ಲಿಂದ ಎಣಿಸ್ಬೇಕು ಅನ್ನೋ ಡಿಗ್ರಿ ಲೆಕ್ಕ) ಚಿತ್ರಾಪಕ್ಷ ಅಂತ ಇರಲಿ, ಅದನ್ನೇ ಲಾಹಿರಿ ಅಂತಾನೂ ಕರೀತಾರೆ. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರಲ್ಲಿ ವರದಿ ಕೊಟ್ಟ ಮೇಲೆ ಸರ್ಕಾರದ ರಾಷ್ಟ್ರೀಯ ಪಂಚಾಂಗ ಹಿಡಿದಿರೋದೂ ಇದನ್ನೇ. ಈಗ ಅದು 24 ಡಿಗ್ರಿ ಚಿಲ್ಲರೆ ಇದೆ. ಅಯನಾಂಶ ಬದಲಾದ್ರೆ ಲಗ್ನ, ಅಂದ್ರೆ ಆ ಕ್ಷಣಕ್ಕೆ ಪೂರ್ವದಲ್ಲಿ ಹುಟ್ತಿರೋ ರಾಶಿ, ಬದಲಾಗಬಹುದು, ಲಗ್ನ ಬದಲಾದ್ರೆ ನೀವು ಬರೆದ ಫಲ ಪೂರ್ತಿ ತಲೆಕೆಳಗು, ಅದಕ್ಕೇ ಒಂದನ್ನ ಆರಿಸ್ಕೊಂಡು ಅದಕ್ಕೇ ಅಂಟ್ಕೊಳ್ಳಿ.

ಇನ್ನೊಂದು, ಒಂದು ನೋಟ್‌ಬುಕ್ ಮತ್ತು ಪೆನ್. ಪೆನ್ಸಿಲ್ ಬೇಡ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ಮೊದಲು ನವನಾಯಕರು

ಇದು ಅತಿ ಸುಲಭದ ಕೆಲಸ, ಮಕ್ಕಳ ಕೈಲೂ ಮಾಡಿಸಬಹುದು. ಚೈತ್ರ ಶುದ್ಧ ಪಾಡ್ಯ ಯಾವ ವಾರ ಬರುತ್ತೋ ಆ ವಾರದ ಅಧಿಪತಿ ಆ ವರ್ಷದ ರಾಜ. ಸೂರ್ಯ ಮೇಷಕ್ಕೆ ಬರೋ ದಿನದ ವಾರಾಧಿಪತಿ ಮಂತ್ರಿ. ಮಿಥುನ ಸಂಕ್ರಮಣದ ವಾರದಿಂದ ಅರ್ಘ್ಯಾಧಿಪತಿ, ಅಂದ್ರೆ ಬೆಲೆ ಏರಿಳಿತಕ್ಕೆ ಯಜಮಾನ. ಸೂರ್ಯ ಆರಿದ್ರಾ ನಕ್ಷತ್ರಕ್ಕೆ ಬಂದ ದಿನದಿಂದ ಮೇಘಾಧಿಪತಿ, ಕರ್ಕಾಟಕ ಸಂಕ್ರಮಣದಿಂದ ಸಸ್ಯಾಧಿಪತಿ, ಸಿಂಹದಿಂದ ಸೇನಾಧಿಪತಿ, ತುಲಾದಿಂದ ರಸಾಧಿಪತಿ, ಧನುವಿನಿಂದ ಧಾನ್ಯಾಧಿಪತಿ, ಮಕರ ಸಂಕ್ರಾಂತಿಯಿಂದ ನೀರಸಾಧಿಪತಿ, ಅಂದ್ರೆ ಲೋಹ, ಬಟ್ಟೆಯಂಥ ಒಣ ಪದಾರ್ಥಕ್ಕೆ ಯಜಮಾನ. ಒಂಬತ್ತು ಆಯ್ತಲ್ಲ.

2026ಕ್ಕೆ, ಅಂದ್ರೆ ಪರಾಭವ ಸಂವತ್ಸರಕ್ಕೆ, ಹಾಕಿ ನೋಡಿ. ಯುಗಾದಿ ಮಾರ್ಚ್ 19, ಗುರುವಾರ, ಹಂಗಾಗಿ ರಾಜ ಗುರು. ಮೇಷ ಸಂಕ್ರಮಣ ಏಪ್ರಿಲ್ 14 ಮಂಗಳವಾರ, ಮಂತ್ರಿ ಕುಜ. ಜೂನ್ 15 ಸೋಮವಾರ ಮಿಥುನ, ಜೂನ್ 22 ಸೋಮವಾರ ಆರಿದ್ರಾ, ಆಗಸ್ಟ್ 17 ಸೋಮವಾರ ಸಿಂಹ, ಮೂರಕ್ಕೂ ಚಂದ್ರನೇ ಗತಿ. ಜುಲೈ 16 ಗುರುವಾರ ರಾತ್ರಿ ಕರ್ಕಾಟಕ, ಸಸ್ಯಾಧಿಪತಿ ಗುರು. ಅಕ್ಟೋಬರ್ 17 ಶನಿವಾರ, ರಸಕ್ಕೆ ಶನಿ. ಡಿಸೆಂಬರ್ 16 ಬುಧವಾರ, ಧಾನ್ಯಕ್ಕೆ ಬುಧ. 2027ರ ಜನವರಿ 14 ಗುರುವಾರ, ನೀರಸಕ್ಕೆ ಮತ್ತೆ ಗುರು.

ಗುರು ರಾಜ, ಕುಜ ಮಂತ್ರಿ ಅಂದ್ರೆ ಮೇಷ್ಟ್ರು ಮುಖ್ಯಮಂತ್ರಿ ಆಗಿ ಪೊಲೀಸ್ ಇನ್ಸ್‌ಪೆಕ್ಟರ್ ಅವರ ಸೆಕ್ರೆಟರಿ ಆದಂಗೆ. ಮೇಷ್ಟ್ರು ನಿಧಾನಕ್ಕೆ ಹೇಳ್ತಾರೆ, ಇವನು ಟೇಬಲ್ ಕುಟ್ಟಿ ಹೇಳ್ತಾನೆ. ಮೇಘಾಧಿಪತಿ ಚಂದ್ರ, ಸಸ್ಯಾಧಿಪತಿ ಗುರು ಇಬ್ರೂ ಶುಭರು, ಗ್ರಂಥದ ಪ್ರಕಾರ ಮಳೆ ಬೆಳೆ ಚೆನ್ನಾಗಿರಬೇಕು. ರಸಾಧಿಪತಿ ಶನಿ ಆದ್ರೆ ಎಣ್ಣೆ, ಬೆಲ್ಲ, ತುಪ್ಪ ಇಂಥದ್ದರ ಬೆಲೆ ಕೈ ಕಚ್ಚುತ್ತೆ ಅಂತಾರೆ.

ಇಲ್ಲಿ ಒಂದು ಕಿರಿಕ್ ಇದೆ. ನಮ್ಮ ಪದ್ಧತೀಲಿ ವಾರ ಶುರುವಾಗೋದು ಸೂರ್ಯೋದಯಕ್ಕೆ, ರಾತ್ರಿ ಹನ್ನೆರಡಕ್ಕಲ್ಲ. 2025ರಲ್ಲಿ ಮೇಷ ಸಂಕ್ರಮಣ ಆಗಿದ್ದು ಏಪ್ರಿಲ್ 14ರ ಬೆಳಗಿನ ಜಾವ ಮೂರು ಗಂಟೆ ಚಿಲ್ಲರೆಗೆ. ಗಡಿಯಾರದ ಪ್ರಕಾರ ಸೋಮವಾರ, ಸೂರ್ಯೋದಯದ ಲೆಕ್ಕದಲ್ಲಿ ಇನ್ನೂ ಭಾನುವಾರ. ಒಬ್ಬರಿಗೆ ಮಂತ್ರಿ ಚಂದ್ರ, ಇನ್ನೊಬ್ಬರಿಗೆ ಸೂರ್ಯ. ಎರಡು ಪಂಚಾಂಗ ಜಗಳ ಆಡ್ತಿದ್ರೆ ಮೊದಲು ಸಂಕ್ರಮಣದ ಟೈಮ್ ನೋಡಿ, ಜಗಳ ಅಲ್ಲೇ ಇರುತ್ತೆ.

ಸಂವತ್ಸರದ ಹೆಸರನ್ನ ನೆಚ್ಕೊಂಡು ಫಲ ಹೇಳೋಕೆ ಹೋಗ್ಬೇಡಿ. ಪರಾಭವ ಅಂದ ತಕ್ಷಣ ಸೋಲು, ಅಯ್ಯೋ ಅಂತ ಎಷ್ಟೋ ಜನ ಗಾಬರಿ ಆಗ್ತಾರೆ. 60 ವರ್ಷದ ಹಿಂದೆ, 1966–67ರಲ್ಲೂ ಇದೇ ಪರಾಭವ ಇತ್ತು, ಆ ವರ್ಷ ಜೂನ್ 6ಕ್ಕೆ ರೂಪಾಯಿ ಅಪಮೌಲ್ಯ ಆಗಿ ಡಾಲರಿಗೆ 4.76 ಇದ್ದಿದ್ದು 7.50 ಆಯ್ತು, ಬಿಹಾರದಲ್ಲಿ ಭೀಕರ ಬರ ಬಂತು, 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಹಲವು ರಾಜ್ಯ ಕಳ್ಕೊಳ್ತು. ನೋಡಿದ್ರಾ, ಹೆಸರಿಗೆ ತಕ್ಕಂಗೇ ಆಯ್ತು ಅಂತೀರ. ಸರಿ, ಅದರ ಹಿಂದಿನ ವರ್ಷ ಯಾವುದು? ವಿಶ್ವಾವಸು, ಎಷ್ಟು ಚೆಂದದ ಹೆಸರು. ಪಾಕಿಸ್ತಾನದ ಜೊತೆ ಯುದ್ಧ ಆಗಿದ್ದೂ, ತಾಷ್ಕೆಂಟಲ್ಲಿ ಶಾಸ್ತ್ರೀಜಿ ತೀರಿಕೊಂಡಿದ್ದೂ ಆ ಚೆಂದದ ವರ್ಷದಲ್ಲೇ. ಉತ್ತರ ಭಾರತದವರ ಸಂವತ್ಸರದ ಲೆಕ್ಕವೇ ಬೇರೆ, ಅವರ ವರ್ಷಕ್ಕೆ ಹೆಸರೂ ಬೇರೆ. ಒಂದೇ ದೇಶ, ಹೆಸರು ಎರಡು, ಯಾವುದರ ಫಲ ಹೇಳ್ತೀರಾ?

ವರ್ಷದ ಕುಂಡಲಿ ಹಾಕೋದು

ಅಸಲಿ ಕೆಲಸ ಇಲ್ಲಿಂದ. ಅಮಾವಾಸ್ಯೆ ಮುಗಿದು ಚೈತ್ರ ಶುದ್ಧ ಪಾಡ್ಯ ಶುರುವಾಗೋ ಕ್ಷಣಕ್ಕೆ, ದೇಶದ ರಾಜಧಾನಿಯ ಅಕ್ಷಾಂಶ ರೇಖಾಂಶಕ್ಕೆ ಕುಂಡಲಿ ಹಾಕ್ಬೇಕು. ಭಾರತಕ್ಕಾದ್ರೆ ದೆಹಲಿ. ನೀವು ಧಾರವಾಡದಲ್ಲಿ ಕೂತ್ಕೊಂಡು ಧಾರವಾಡಕ್ಕೆ ಹಾಕಿದ್ರೆ ಅದು ದೇಶದ್ದಾಗಲ್ಲ. ಈ ತಪ್ಪು ನಾನೇ ಎರಡು ವರ್ಷ ಮಾಡಿದೀನಿ, ಸಾಫ್ಟ್‌ವೇರ್ ತಾನಾಗೇ ನಮ್ಮೂರನ್ನ ಹಿಡ್ಕೊಂಡಿತ್ತು, ನಾನು ನೋಡೇ ಇರಲಿಲ್ಲ.

2026ರಲ್ಲಿ ಆ ಕ್ಷಣ ಬರೋದು ಮಾರ್ಚ್ 19ರ ಬೆಳಿಗ್ಗೆ 6 ಗಂಟೆ 53 ನಿಮಿಷದ ಆಸುಪಾಸು. ದೆಹಲಿಯಲ್ಲಿ ಸೂರ್ಯ ಹುಟ್ಟಿ ಅರ್ಧ ಗಂಟೆಯೂ ಆಗಿರಲ್ಲ, ಹಂಗಾಗಿ ಸೂರ್ಯ ಇರೋ ಮೀನವೇ ಲಗ್ನ. ಆ ಮೀನದಲ್ಲಿ ರವಿ, ಚಂದ್ರ, ಶನಿ, ಉಚ್ಚನಾದ (ತನ್ನ ಅತಿ ಬಲದ ರಾಶಿಯಲ್ಲಿರೋ) ಶುಕ್ರ, ನಾಲ್ಕು ಜನ ಒಂದೇ ಬೆಂಚಲ್ಲಿ. ಲಗ್ನವನ್ನೇ ಒಂದನೇ ಮನೆ ಅಂತ ಎಣಿಸ್ತಾ ಹೋದ್ರೆ ಹನ್ನೆರಡನೇ ಮನೆ ಕುಂಭದಲ್ಲಿ ಕುಜ, ವಕ್ರಿ (ಹಿಂದಕ್ಕೆ ಹೋಗ್ತಿರೋ ಥರ ಕಾಣೋ) ಬುಧ, ರಾಹು. ನಾಲ್ಕನೇ ಮನೆ ಮಿಥುನದಲ್ಲಿ ಗುರು. ಆರನೇ ಮನೆ ಸಿಂಹದಲ್ಲಿ ಕೇತು. ನೀವೂ ಹಾಕಿ, ಇದೇ ಬಂತಾ ನೋಡಿ, ಬರಲಿಲ್ಲ ಅಂದ್ರೆ ಅಯನಾಂಶನೋ ಊರೋ ಎಡವಟ್ಟಾಗಿದೆ.

ಇದರ ಜೊತೆಗೆ ಮೇಷ ಸಂಕ್ರಮಣದ ಕ್ಷಣಕ್ಕೂ ಒಂದು ಕುಂಡಲಿ ಹಾಕ್ತಾರೆ. ಸೌರಮಾನ ಹಿಡಿದಿರೋ ನಮ್ಮ ತುಳುನಾಡಿನವರಿಗೆ ಬಿಸು ದಿನವೇ ಹೊಸ ವರ್ಷ ಅಲ್ವಾ, ಅವರಿಗೆ ಅದೇ ಮುಖ್ಯ ಅನ್ನಿಸಬಹುದು. ಶುರುನಲ್ಲಿ ಒಂದೇ ಸಾಕು. ಎರಡೂ ಇಟ್ಕೊಂಡ್ರೆ ಬೇಕಾದ್ದು ಇದರಲ್ಲಿ, ಬೇಡದ್ದು ಅದರಲ್ಲಿ ಅಂತ ಮನಸ್ಸು ಆಟ ಆಡುತ್ತೆ.

ಮನೆಗಳನ್ನ ಓದೋದು

ಮನುಷ್ಯನ ಜಾತಕದಲ್ಲಿ ಏಳನೇ ಮನೆ ಹೆಂಡತಿ, ದೇಶದ ಜಾತಕದಲ್ಲಿ ಅದು ಪರದೇಶದ ಸಂಬಂಧ, ಒಪ್ಪಂದ, ಯುದ್ಧ. (ಎರಡಕ್ಕೂ ವ್ಯತ್ಯಾಸ ಏನು ಅಂತ ಮಾವ ಕೇಳ್ತಿದ್ರು, ಅತ್ತೆ ಅಡುಗೆಮನೆಯಲ್ಲಿ ಇದ್ದಾಗ ಮಾತ್ರ.) ಲಗ್ನ ಅಂದ್ರೆ ಜನ, ದೇಶದ ಒಟ್ಟು ಆರೋಗ್ಯ. ಎರಡು ಖಜಾನೆ. ಮೂರು ರೈಲು, ರಸ್ತೆ, ಫೋನು, ಪತ್ರಿಕೆ, ಅಕ್ಕಪಕ್ಕದ ದೇಶಗಳು. ನಾಲ್ಕು ಭೂಮಿ, ಕೃಷಿ, ಜೊತೆಗೆ ವಿರೋಧ ಪಕ್ಷ, ಯಾಕಂದ್ರೆ ಹತ್ತನೇ ಮನೆ ಸರ್ಕಾರ, ಅದರ ಎದುರಿಗೆ ಕೂತಿರೋದು ನಾಲ್ಕು. ಐದು ಮಕ್ಕಳು, ಶಿಕ್ಷಣ, ಶೇರು ಮಾರ್ಕೆಟ್ಟು. ಆರು ಸೈನ್ಯ, ರೋಗ, ಸಾಲ. ಎಂಟು ಸಾವುನೋವು, ದುರಂತ. ಒಂಬತ್ತು ಕೋರ್ಟು, ಧರ್ಮ. ಹನ್ನೊಂದು ಪಾರ್ಲಿಮೆಂಟು, ಆದಾಯ. ಹನ್ನೆರಡು ಖರ್ಚು, ಆಸ್ಪತ್ರೆ, ಗುಪ್ತಶತ್ರು.

ಗ್ರಹಗಳಿಗೂ ಹಂಗೇ ಪಾತ್ರ ಹಂಚಿಕೆ. ರವಿ ಆಳೋನು, ಚಂದ್ರ ಸಾಮಾನ್ಯ ಜನ, ಕುಜ ಸೈನ್ಯ ಮತ್ತು ಬೆಂಕಿ, ಬುಧ ವ್ಯಾಪಾರ ಮತ್ತು ಮೀಡಿಯಾ, ಗುರು ನ್ಯಾಯಾಂಗ ಮತ್ತು ವಿದ್ವಾಂಸರು, ಶುಕ್ರ ಹೆಂಗಸರು, ಕಲೆ, ಸಿನಿಮಾ. ಶನಿ ಅಂದ್ರೆ ಕೂಲಿಕಾರರು, ರೈತರು, ಬಡವರು. ರಾಹುಗೆ ಪರಕೀಯರು, ಹೊಸ ಟೆಕ್ನಾಲಜಿ, ವದಂತಿ ಎಲ್ಲಾ ಕೊಟ್ಟುಬಿಟ್ಟಿದಾರೆ ಪಾಪ.

ಈಗ ಓದಿ. ಜನರ ಮನೆಯಲ್ಲಿ ಆಳೋನೂ ಜನನೂ ಶನಿ ಪಕ್ಕ ಕೂತಿದಾರೆ. ಶನಿ ಲಾಭ ಮತ್ತು ವ್ಯಯ ಎರಡಕ್ಕೂ ಅಧಿಪತಿ, ಜೊತೆಗೆ ಸೂರ್ಯನಿಗೆ ಹತ್ತಿರ ಇದ್ದು ಅಸ್ತ ಬೇರೆ, ಅಂದ್ರೆ ಸೂರ್ಯನ ಬೆಳಕಲ್ಲಿ ಮರೆ. ನನ್ನ ಓದು ಏನಪ್ಪಾ ಅಂದ್ರೆ ದುಡಿಯೋ ಜನರ ಅಸಮಾಧಾನ ವರ್ಷದ ಮೊದಲರ್ಧದಲ್ಲಿ ಸುದ್ದಿಯಲ್ಲಿರುತ್ತೆ, ಆದ್ರೆ ಸರ್ಕಾರಕ್ಕೆ ಧಕ್ಕೆ ಇಲ್ಲ. ಯಾಕಂದ್ರೆ ಹತ್ತನೇ ಮನೆ ಧನುವಿನ ಅಧಿಪತಿ ಗುರು ನಾಲ್ಕರಲ್ಲಿ ಕೂತು ನೇರವಾಗಿ ತನ್ನ ಮನೆಯನ್ನೇ ನೋಡ್ತಾನೆ. ಎರಡನೇ ಮನೆ ಮೇಷದ ಅಧಿಪತಿ ಕುಜ ಹನ್ನೆರಡಕ್ಕೆ ಹೋಗಿ ರಾಹು ಜೊತೆ ಸೇರಿದಾನೆ, ಖಜಾನೆಯ ದುಡ್ಡು ರಕ್ಷಣೆಗೆ, ಹೊರದೇಶದ ವ್ಯವಹಾರಕ್ಕೆ ಸುರೀತಾರೆ ಅಂತ ಓದ್ಕೋಬಹುದು. ನಿಮಗೆ ಬೇರೆ ಥರ ಕಂಡ್ರೆ ನಿಮ್ಮದನ್ನೇ ಬರ್ಕೊಳ್ಳಿ, ನನ್ನದು ವೇದವಾಕ್ಯ ಅಲ್ಲ.

ದೇಶದ ಜನ್ಮಕುಂಡಲಿ ಜೊತೆ ತಾಳೆ

1947 ಆಗಸ್ಟ್ 15, ಮಧ್ಯರಾತ್ರಿ 12 ಗಂಟೆ, ದೆಹಲಿ. ವೃಷಭ ಲಗ್ನ, ಲಗ್ನದಲ್ಲೇ ರಾಹು, ಎರಡರಲ್ಲಿ ಕುಜ, ಮೂರನೇ ಮನೆ ಕರ್ಕಾಟಕದಲ್ಲಿ ರವಿ, ಚಂದ್ರ, ಬುಧ, ಶುಕ್ರ, ಶನಿ ಐವರು, ಆರರಲ್ಲಿ ಗುರು, ಏಳರಲ್ಲಿ ಕೇತು. ಚಂದ್ರ ಪುಷ್ಯ ನಕ್ಷತ್ರದಲ್ಲಿ ಇರೋದ್ರಿಂದ ಹುಟ್ಟಿದಾಗ ಶನಿ ದಶೆ, ಅಂದ್ರೆ ಶನಿ ಆಳೋ ಕಾಲ. 1950ರ ಜನವರಿ 26ರ ಗಣರಾಜ್ಯದ ಕುಂಡಲಿನೇ ಸರಿ ಅನ್ನೋರೂ ಇದಾರೆ. ನಾನು 1947 ಹಿಡಿದಿದೀನಿ, ಅಭ್ಯಾಸಬಲ. ಕರ್ನಾಟಕಕ್ಕೆ ನೋಡ್ಬೇಕು ಅಂದ್ರೆ 1956ರ ನವೆಂಬರ್ 1 ಇದೆ, ಹೆಸರು ಬದಲಾದ 1973 ಅಲ್ಲ ಅಂತ ನನ್ನ ಅಭಿಪ್ರಾಯ, ಮಗು ಹುಟ್ಟಿದ ದಿನ ಮುಖ್ಯವೋ ನಾಮಕರಣದ ದಿನ ಮುಖ್ಯವೋ ನೀವೇ ಹೇಳಿ.

ವಿಂಶೋತ್ತರಿ ಅಂತ ಗ್ರಹಗಳಿಗೆ ಸರದಿಯಲ್ಲಿ ವರ್ಷ ಹಂಚೋ ಲೆಕ್ಕದಲ್ಲಿ ಚಂದ್ರ ದಶೆ 2025ರ ಸೆಪ್ಟೆಂಬರ್‌ಗೆ ಮುಗಿದು ಕುಜ ದಶೆ ಶುರುವಾಯ್ತು, ಅದು 2032ರವರೆಗೆ. 2026ರ ಫೆಬ್ರವರಿಯಿಂದ ಸುಮಾರು ಒಂದು ವರ್ಷ ಅದರೊಳಗೆ ರಾಹು ಭುಕ್ತಿ, ಅಂದ್ರೆ ದಶೆಯೊಳಗಿನ ಚಿಕ್ಕ ಪಾಲು. ವೃಷಭ ಲಗ್ನಕ್ಕೆ ಕುಜ ಏಳು ಮತ್ತು ಹನ್ನೆರಡರ ಅಧಿಪತಿ, ಅಂದ್ರೆ ಪರದೇಶ ಮತ್ತು ಖರ್ಚು, ಕೂತಿರೋದು ಖಜಾನೆಯಲ್ಲಿ. ವರ್ಷದ ಕುಂಡಲಿಯಲ್ಲೂ ಕುಜ ರಾಹು ಹನ್ನೆರಡರಲ್ಲಿ ಒಟ್ಟಿಗೆ ಇದ್ರು, ನೆನಪಿದೆಯಾ? ಎರಡು ಬೇರೆ ಬೇರೆ ಕುಂಡಲಿ ಒಂದೇ ಮಾತು ಹೇಳಿದಾಗ ಮಾತ್ರ ಅದನ್ನ ನೋಟ್‌ಬುಕ್‌ಗೆ ಏರಿಸಿ. ಒಂದರಲ್ಲಿ ಮಾತ್ರ ಕಂಡಿದ್ದನ್ನ ಬಿಟ್ಟುಬಿಡಿ, ಎಷ್ಟೇ ರೋಚಕ ಇದ್ರೂ.

ಆಮೇಲೆ ವರ್ಷದ ನಡುವಿನ ಸಂಚಾರ. ಜೂನ್ ಮೊದಲ ವಾರ ಗುರು ಕರ್ಕಾಟಕಕ್ಕೆ ಬಂದು ಉಚ್ಚನಾಗ್ತಾನೆ, ಅಕ್ಟೋಬರ್ ಕೊನೆಗೆ ಸಿಂಹಕ್ಕೆ ಹೋಗ್ತಾನೆ. ಕರ್ಕಾಟಕ ಅಂದ್ರೆ ದೇಶದ ಜಾತಕದಲ್ಲಿ ಐದು ಗ್ರಹ ಇರೋ ಮೂರನೇ ಮನೆ, ರೈಲು, ಸಂಪರ್ಕ, ನೆರೆಹೊರೆ. ಆಗಸ್ಟ್ 12ಕ್ಕೆ ಅದೇ ಕರ್ಕಾಟಕದಲ್ಲಿ ಪೂರ್ಣ ಸೂರ್ಯಗ್ರಹಣ, ಆದ್ರೆ ಭಾರತದಲ್ಲಿ ಕಾಣಲ್ಲ. ಕಾಣದ ಗ್ರಹಣಕ್ಕೆ ಆಚರಣೆ ಇಲ್ಲ ಅನ್ನೋದು ನಮ್ಮ ಶಾಸ್ತ್ರ, ಫಲವೂ ಇಲ್ಲ ಅಂತ ನಾನು ಪಕ್ಕಕ್ಕಿಡ್ತೀನಿ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ ಇರೋದ್ರಿಂದ ಈ ವರ್ಷಕ್ಕೆ 13 ತಿಂಗಳು ಅನ್ನೋದನ್ನೂ ಗುರುತು ಹಾಕ್ಕೊಳ್ಳಿ.

ಯಾವ ದಿಕ್ಕಿಗೆ ಫಲ ಅಂತ ಹೇಳೋಕೆ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕೂರ್ಮ ವಿಭಾಗ ಇದೆ. ಭೂಮಿನ ಆಮೆ ಥರ ಇಟ್ಟು 27 ನಕ್ಷತ್ರನ ಮೂರು ಮೂರರಂತೆ ಒಂಬತ್ತು ಭಾಗಕ್ಕೆ ಹಂಚೋದು. ಕೃತ್ತಿಕೆ, ರೋಹಿಣಿ, ಮೃಗಶಿರ ನಡುಮಧ್ಯ, ಆರಿದ್ರಾ, ಪುನರ್ವಸು, ಪುಷ್ಯ ಪೂರ್ವ, ಹಿಂಗೆ ಪ್ರದಕ್ಷಿಣೆ. ಉತ್ತರೆ, ಹಸ್ತ, ಚಿತ್ತಾ ದಕ್ಷಿಣಕ್ಕೆ, ಅಲ್ಲಿನ ಪಟ್ಟಿಯಲ್ಲಿ ಕರ್ಣಾಟದ ಹೆಸರೂ ಇದೆ. ಶತಭಿಷ, ಪೂರ್ವಾಭಾದ್ರ, ಉತ್ತರಾಭಾದ್ರ ಉತ್ತರಕ್ಕೆ. ಯುಗಾದಿಗೆ ಶನಿ ಉತ್ತರಾಭಾದ್ರದಲ್ಲಿ ಇದಾನೆ, ಹಂಗಾಗಿ ಶನಿಯ ಕಾಟ ಏನಿದ್ರೂ ಉತ್ತರದ ಕಡೆ ಅಂತ ಬರೀಬೇಕು.

ಬರೆಯೋ ರೀತಿ, ಇದೇ ಮುಖ್ಯ

ಎಲ್ಲರೂ ಜಾರಿ ಬೀಳೋದು ಇಲ್ಲೇ. "ಗಡಿಯಲ್ಲಿ ಉದ್ವಿಗ್ನತೆ, ಕರಾವಳಿಯಲ್ಲಿ ಚಂಡಮಾರುತ, ಗಣ್ಯರೊಬ್ಬರ ನಿಧನ, ಸಿನಿಮಾ ರಂಗದಲ್ಲಿ ವಿವಾದ" ಅಂತ ಬರೆದ್ರೆ ಯಾವ ವರ್ಷ ಸುಳ್ಳಾಗುತ್ತೆ ಹೇಳಿ? ಇಂಥ ವಾಕ್ಯ ಬರೆಯೋಕೆ ಕುಂಡಲಿನೇ ಬೇಡ, ಹೋದ ವರ್ಷದ ಪೇಪರ್ ಸಾಕು. ತಪ್ಪಾಗೋ ಚಾನ್ಸ್ ಇರೋ ವಾಕ್ಯ ಬರೀರಿ.

ಮಳೆ ತಗೊಳ್ಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೇಶದ ಸರಾಸರಿ ಮುಂಗಾರು 87 ಸೆಂಟಿಮೀಟರ್ ಅಂತ ಹವಾಮಾನ ಇಲಾಖೆ ಹಿಡಿಯುತ್ತೆ, ಅದರ 96ರಿಂದ 104 ಪರ್ಸೆಂಟ್ ಬಂದ್ರೆ ಸಾಮಾನ್ಯ. "ಮಳೆ ಚೆನ್ನಾಗಿದೆ" ಅಂತ ಬರೀಬೇಡಿ, "104ಕ್ಕಿಂತ ಮೇಲೆ" ಅಂತಾನೋ "96ಕ್ಕಿಂತ ಕೆಳಗೆ" ಅಂತಾನೋ ಬರೀರಿ. ಮೇಘಾಧಿಪತಿ ಚಂದ್ರನ್ನ ನಂಬಿ ನಾನು ಬರೆದಿರೋದು 104ರ ಮೇಲೆ. ಸೆಪ್ಟೆಂಬರ್ 30ಕ್ಕೆ ಇಲಾಖೆ ಲೆಕ್ಕ ಹಾಕುತ್ತೆ, ಅಲ್ಲಿಗೆ ನನ್ನ ಹಣೆಬರಹ ತೀರ್ಮಾನ. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ನಮ್ಮ ರೈತರು ಹೇಳ್ತಾರಲ್ಲ, ಅದನ್ನೂ ಹಿಂಗೇ ಪರೀಕ್ಷೆ ಮಾಡಬಹುದು, ಭರಣಿ ಮಳೆ ಬಂತಾ ಇಲ್ವಾ, ಬೆಳೆ ಬಂತಾ ಇಲ್ವಾ, ಎರಡೂ ನಿಮ್ಮ ಊರಲ್ಲೇ ಕಾಣುತ್ತೆ.

ವರ್ಷಕ್ಕೆ ಹತ್ತು ವಾಕ್ಯ ಸಾಕು. ಪ್ರತಿಯೊಂದಕ್ಕೂ ಏನು, ಯಾವ ತಾರೀಖಿನ ಒಳಗೆ, ಸರಿನೋ ತಪ್ಪೋ ಅಂತ ಎಲ್ಲಿ ನೋಡೋದು, ಯಾವ ಗ್ರಹ ನಂಬಿ ಬರೆದೆ, ಇಷ್ಟೂ ಇರಲಿ. ಕೆಳಗೆ ಬರೆದ ದಿನಾಂಕ. ಪೆನ್ನಲ್ಲಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದ್ರೆ 1962ರ ಫೆಬ್ರವರಿಯಲ್ಲಿ ಮಕರ ರಾಶಿಯಲ್ಲಿ ಅಷ್ಟಗ್ರಹ ಕೂಟ ಆಯ್ತು, ಪ್ರಳಯ ಅಂತ ದೇಶಾದ್ಯಂತ ಹೋಮ ಹವನ ಮಾಡಿದ್ರು. ನಮ್ಮಜ್ಜಿ ಹೇಳ್ತಿದ್ರು, ಮಾರನೇ ದಿನ ಬೆಳಿಗ್ಗೆ ಎದ್ದು ಎಂದಿನಂಗೆ ಹಾಲು ಕರೆದ್ವಿ ಅಂತ. ಅಕ್ಟೋಬರ್‌ನಲ್ಲಿ ಚೀನಾ ಯುದ್ಧ ಆದಾಗ "ನೋಡಿ, ಅದೇ ಇದು" ಅಂದೋರು ಬೇಕಾದಷ್ಟು ಜನ. ಫೆಬ್ರವರಿಯಲ್ಲಿ ಹೇಳಿದ್ದು ಪ್ರಳಯ, ಅಕ್ಟೋಬರ್‌ನಲ್ಲಿ ಲೆಕ್ಕಕ್ಕೆ ಹಿಡಿದಿದ್ದು ಯುದ್ಧ. 2020ರಲ್ಲೂ ಅಷ್ಟೇ, ಯುಗಾದಿ ಬಂದಿದ್ದು ಮಾರ್ಚ್ 25ಕ್ಕೆ, ಲಾಕ್‌ಡೌನ್‌ನ ಮೊದಲನೇ ದಿನ, ಸಂವತ್ಸರ ಶಾರ್ವರಿ, ಅಂದ್ರೆ ಕತ್ತಲೆ ರಾತ್ರಿ, ಎಂಥ ಹೊಂದಾಣಿಕೆ ಅಂತ ನಾನೂ ಎಲ್ಲರಿಗೂ ವಾಟ್ಸಾಪ್ ಮಾಡಿದ್ದೆ. ಆದ್ರೆ ಹಿಂದಿನ ತಿಂಗಳು ನಾನೇ ಬರೆದಿದ್ದ ನೋಟ್‌ಬುಕ್ ತೆಗೆದು ನೋಡಿದ್ರೆ ಶಾರ್ವರಿ ಬಗ್ಗೆ ಒಂದಕ್ಷರ ಇರಲಿಲ್ಲ, ಈರುಳ್ಳಿ ಬೆಲೆ ಬಗ್ಗೆ ಮಾತ್ರ ಅರ್ಧ ಪುಟ.

ಬರೀಬಾರದ್ದೂ ಕೆಲವಿದೆ. ಬದುಕಿರೋರ ಸಾವು ಬರೀಬೇಡಿ, ಯಾವ ಪಾರ್ಟಿಯವರಾದ್ರೂ ಸರಿ. ಯಾವುದೋ ಜಾತಿ ಧರ್ಮದವರಿಗೆ ಇಂಥದ್ದಾಗುತ್ತೆ ಅಂತ ಬರೀಬೇಡಿ. ಗುರು ಉಚ್ಚ ಅಂತ ಶೇರಿಗೆ ದುಡ್ಡು ಹಾಕ್ಬೇಡಿ, ಚಂದ್ರ ಮೇಘಾಧಿಪತಿ ಅಂತ ಬೋರ್‌ವೆಲ್ ಮುಂದೂಡ್ಬೇಡಿ. ನೋಟ್‌ಬುಕ್ ಮನೆಯಲ್ಲೇ ಇರಲಿ.

ಲೆಕ್ಕ ತೀರಿಸೋದು

ವರ್ಷ ಮುಗಿಯೋ ಹೊತ್ತಿಗೆ, ಫಾಲ್ಗುಣ ಅಮಾವಾಸ್ಯೆ ದಿನ, ಹತ್ತೂ ವಾಕ್ಯಕ್ಕೆ ಸರಿ ಅಥವಾ ತಪ್ಪು ಹಾಕಿ. "ಭಾಗಶಃ ಸರಿ" ಅನ್ನೋ ಕಾಲಂ ಇಡಲೇಬೇಡಿ, ಒಂದು ಸಲ ಇಟ್ಟೆ, ಆ ವರ್ಷ ಎಲ್ಲವೂ ಅಲ್ಲೇ ಹೋಗಿ ಕೂತವು. ಜೊತೆಗೆ ಜ್ಯೋತಿಷ ಗೊತ್ತಿಲ್ಲದ ಒಬ್ಬರ ಕೈಲೂ ಅದೇ ಹತ್ತು ಪ್ರಶ್ನೆಗೆ ಯುಗಾದಿ ದಿನವೇ ಉತ್ತರ ಬರೆಸಿ ಇಟ್ಕೊಳ್ಳಿ. ನನಗೆ ಆ ಒಬ್ಬರು ನನ್ನ ಹೆಂಡತಿ, ದಿನಾ ಪೇಪರ್ ಓದ್ತಾಳೆ, ಗ್ರಹ ಒಂದೂ ಗೊತ್ತಿಲ್ಲ. ಹೋದ ಸಲ ಅವಳದ್ದು ಆರು ಸರಿ, ನನ್ನದು ನಾಲ್ಕು. ಅದಕ್ಕೂ ಹಿಂದಿನ ಸಲ ನಾನೇ ಗೆದ್ದಿದ್ದೆ, ಅದನ್ನ ಅವಳು ಒಪ್ಪಲ್ಲ.

ಮುಂದಿನ ಯುಗಾದಿ 2027ರ ಏಪ್ರಿಲ್ 7, ಪ್ಲವಂಗ ಸಂವತ್ಸರ. ಬುಧವಾರ. ರಾಜ ಯಾರು ಅಂತ ಈಗ ನೀವೇ ಹೇಳಿ.